ಅಪ್ಪಯ್ಯ ಒತ್ತದ ಬಟನ್

ಸಾಗರದಿಂದ ಹೊಸನಗರದ ಕಡೆ ಹೋಗುವ ಯಾವುದಾದರೂ ಪ್ರೈವೇಟ್ ಬಸ್ಸು ಹತ್ತಿ ಕೂತು ನೋಡಿ. ಐದು ನಿಮಿಷದೊಳಗೆ ಪಕ್ಕದ ಸೀಟಿನ ಹಿರಿಯರು ಕೇಳಿಯೇ ಕೇಳುತ್ತಾರೆ: "ಯಾರ ಮನೆ ಹುಡ್ಗ ನೀನು?" ಹೆಸರು ಕೇಳುವುದಿಲ್ಲ. ಕೆಲಸ, ಸಂಬಳ, ಮದುವೆ ಎಲ್ಲ ಆಮೇಲೆ. ಮೊದಲು ಮನೆ. ನಾನು ಅಪ್ಪಯ್ಯನ ಹೆಸರು ಹೇಳುತ್ತೇನೆ, ಅವರಿಗೆ ಗೊತ್ತಾಗುವುದಿಲ್ಲ. ಅಜ್ಜನ ಹೆಸರು ಹೇಳುತ್ತೇನೆ. "ಓಹೋ, ಕೆರೆ ಮೇಲಿನ ಮನೆಯವ್ರಾ!" ಅಂತ ಮುಖ ಅರಳುತ್ತದೆ. ಅಲ್ಲಿಗೆ ನನ್ನ ಲಾಗಿನ್ ಆಯಿತು. ಇಳಿಯುವ ತನಕ ಕವಳದ ಸಂಚಿಯೂ ನನ್ನ ಕಡೆ ಬರುತ್ತದೆ, ಊರಿನ ಸುದ್ದಿಯೂ ಬರುತ್ತದೆ.

ಈ ಬರಹ ಲಾಗಿನ್ ಬಗ್ಗೆಯೇ. ಹನ್ನೆರಡು ವರ್ಷದಿಂದ ಬೆಂಗಳೂರಿನಲ್ಲಿ ಪೈಥಾನ್ ಬರೆದು ಹೊಟ್ಟೆ ಹೊರೆಯುತ್ತಿರುವವನು ನಾನು. 'ಗೂಗಲ್ ಮೂಲಕ ಒಳಗೆ ಬನ್ನಿ', 'ಫೇಸ್‌ಬುಕ್ ಮೂಲಕ ಒಳಗೆ ಬನ್ನಿ' ಅನ್ನುವ ಬಟನ್‌ಗಳನ್ನು ಎಷ್ಟು ಆ್ಯಪ್‌ಗಳಿಗೆ ಅಂಟಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ನೀವೂ ಊಟ ತರಿಸುವಾಗ, ಟಿಕೆಟ್ ಬುಕ್ ಮಾಡುವಾಗ ಅದನ್ನು ಒತ್ತಿಯೇ ಇರುತ್ತೀರಿ. ಆ ಬಟನ್ ನಿಜಕ್ಕೂ ನಮ್ಮಿಂದ ಏನು ಕೇಳುತ್ತದೆ ಅಂತ ನನಗೆ ಅರ್ಥ ಆಗಿದ್ದು ಮಾತ್ರ ಆಫೀಸಿನಲ್ಲಲ್ಲ. 2021ರ ಮಳೆಗಾಲದಲ್ಲಿ, ಊರ ಮನೆಯ ಜಗುಲಿ ಮೇಲೆ.

ನಮ್ಮೂರು ಹೊಸನಗರ ತಾಲ್ಲೂಕಿನ ಒಂದು ಮೂಲೆಯಲ್ಲಿದೆ. ಅಡಿಕೆ ಹೋಗುವುದು ಸಾಗರದ ಮಂಡಿಗೆ. ನೆಂಟಸ್ತಿಕೆ ಬೆಳೆದಿದ್ದು ತೀರ್ಥಹಳ್ಳಿ ಕಡೆಗೆ. ಹೀಗಾಗಿ ನಮಗೆ ಮೂರು ತಾಲ್ಲೂಕೂ ಒಂದೇ ಅಂಗಳ ಇದ್ದ ಹಾಗೆ. ಶರಾವತಿಯೂ ಹಾಗೇ ಅಲ್ವಾ? ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಹಾದು, ಸಾಗರದ ಲಿಂಗನಮಕ್ಕಿಯಲ್ಲಿ ಬಂದು ನಿಲ್ಲುತ್ತಾಳೆ. ಅವಳನ್ನು ನಿಲ್ಲಿಸಿದ ಮೇಲೆ, 1960ರ ದಶಕದಲ್ಲಿ, ಎಷ್ಟೋ ಮನೆಗಳು ಎದ್ದು ಹೋದವು. ನಮ್ಮ ಪ್ರೈಮರಿ ಶಾಲೆಯಲ್ಲಿ ಕಲಿತವರಲ್ಲೂ ಹಾಗೆ ಚದುರಿದ ಮನೆಯವರಿದ್ದಾರೆ.

ಆ ಶಾಲೆಗೆ 2021ಕ್ಕೆ ನೂರು ವರ್ಷ. ಪೆಂಡಾಲು, ಯಕ್ಷಗಾನ, ಊಟ ಅಂತೆಲ್ಲ ಯೋಜನೆ ಹಾಕಿದ್ದರು. ಕೊರೊನಾ ಬಂದು ಎಲ್ಲ ಮುಂದಕ್ಕೆ ಹೋಯಿತು. ನಾನು ಹೇಗೂ ವರ್ಕ್ ಫ್ರಂ ಹೋಮ್ ಅಂತ ಮನೆಯಲ್ಲೇ ಇದ್ದೆ. "ನೀನು ಕಂಪ್ಯೂಟರ್ ಇಂಜಿನಿಯರ್ ಅಲ್ವಾ, ಒಂದು ವೆಬ್‌ಸೈಟ್ ಮಾಡು ಮಾರಾಯ" ಅಂದರು ಸಮಿತಿಯವರು. ಹಳೇ ಫೋಟೊಗಳನ್ನು ಹಾಕಬೇಕು, ಫೋಟೊದಲ್ಲಿರುವ ಮುಖ ಮುಟ್ಟಿದರೆ ಹೆಸರು ಬರೆಯುವಂತಿರಬೇಕು, ಎಲ್ಲೆಲ್ಲೋ ಇರುವವರು ಒಬ್ಬರಿಗೊಬ್ಬರು ಸಿಗಬೇಕು. ಎರಡು ವಾರಾಂತ್ಯದ ಕೆಲಸ ಅಂದುಕೊಂಡೆ. ಫ್ಲಾಸ್ಕ್ ಹಾಕಿದೆ, ಸಣ್ಣ ಡೇಟಾಬೇಸ್ ಇಟ್ಟೆ, ತಿಂಗಳಿಗೆ ಕೆಲವೇ ನೂರು ರೂಪಾಯಿಯ ಸರ್ವರ್ ಹಿಡಿದೆ.

ಮೊದಲಿಗೆ ಎಲ್ಲರಂತೆ ಇಮೇಲ್, ಪಾಸ್‌ವರ್ಡ್ ಕೇಳಿದೆ. ಮೊದಲ ವಾರ ಅರವತ್ತು ಜನ ಸೇರಿದರು. ಎರಡನೇ ವಾರ ಅವರಲ್ಲಿ ಅರ್ಧ ಜನ ಪಾಸ್‌ವರ್ಡ್ ಮರೆತರು. ರೀಸೆಟ್ ಮಾಡುವ ಲಿಂಕ್ ಹೋಗುವುದು ಇಮೇಲ್‌ಗೆ. ಆ ಇಮೇಲ್ ತೆರೆದು ನೋಡುವ ಅಭ್ಯಾಸ ಊರಲ್ಲಿ ಯಾರಿಗಿದೆ? ಒಬ್ಬರಂತೂ ಫೋನ್ ಮಾಡಿ, "ನನ್ನ ಪಾಸ್‌ವರ್ಡ್ ನಿನ್ನತ್ರನೇ ಇರ್ಲಿ, ಬೇಕಾದಾಗ ಕೇಳ್ತೀನಿ" ಅಂದರು. ಮನೆ ಕೀಲಿಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಪೇಟೆಗೆ ಹೋಗುವ ಊರು ಅದು, ಅವರ ತಪ್ಪೇನಿಲ್ಲ. ನಾನೇ ಸೋತು, ಎಲ್ಲರ ಫೋನಿನಲ್ಲೂ ಹೇಗೂ ಗೂಗಲ್ಲೋ ಫೇಸ್‌ಬುಕ್ಕೋ ಇರುತ್ತದಲ್ಲ, ಅದರ ಮೂಲಕವೇ ಒಳಗೆ ಬರಲಿ ಅಂತ ತೀರ್ಮಾನಿಸಿದೆ.

ಈ ಬಟನ್ ಹಿಂದೆ ಏನು ನಡೆಯುತ್ತದೆ ಅಂತ ಹೇಳಲು ನನಗೆ ಗೊತ್ತಿರುವ ಒಳ್ಳೇ ಉದಾಹರಣೆ ಅಂದರೆ ಮಂಡಿ ಚೀಟಿ. ನಾನು ಸಣ್ಣವನಿದ್ದಾಗ ಅಪ್ಪಯ್ಯನ ಜೊತೆ ಸಾಗರಕ್ಕೆ ಹೋಗುತ್ತಿದ್ದೆ. ಅಡಿಕೆ ಮೂಟೆ ಮಂಡಿಯಲ್ಲಿ ಇಳಿಸಿ ಆಗಿದೆ, ದುಡ್ಡು ಇನ್ನೂ ಕೈಗೆ ಬಂದಿಲ್ಲ, ಆದರೆ ಜವಳಿ ಅಂಗಡಿಯಲ್ಲಿ ಬಟ್ಟೆ ತೆಗೆಯಬೇಕು. ಜವಳಿ ಅಂಗಡಿಯವರಿಗೆ ಅಪ್ಪಯ್ಯನ ಪರಿಚಯ ಇಲ್ಲ. ಮಂಡಿಯವರಿಗೆ ಇದೆ. ಮಂಡಿಯ ಸಾಹುಕಾರರು ಒಂದು ಚೀಟಿ ಬರೆದು ಕೊಡುವರು: ಇವರು ನಮ್ಮವರು, ಇಷ್ಟು ರೂಪಾಯಿ ತನಕ ಬಟ್ಟೆ ಕೊಡಿ, ಲೆಕ್ಕ ನಮ್ಮಲ್ಲಿ. ಅಪ್ಪಯ್ಯ ತನ್ನ ಮಂಡಿಯ ಲೆಕ್ಕದ ಪುಸ್ತಕವನ್ನು ಜವಳಿ ಅಂಗಡಿಗೆ ತೋರಿಸುವ ಪ್ರಮೇಯವೇ ಇರಲಿಲ್ಲ. ಆ ಒಂದು ಚೀಟಿ, ಆ ಒಂದು ಕೆಲಸಕ್ಕೆ, ಅಷ್ಟೇ.

ಓಆಥ್ ಅನ್ನುವ ಪದ್ಧತಿಯೂ ಇದೇ. ಅದು ಬರುವ ಮೊದಲು ಎಷ್ಟೋ ಸೈಟ್‌ಗಳು ನಾಚಿಕೆ ಇಲ್ಲದೆ ನಿಮ್ಮ ಮೇಲ್ ಪಾಸ್‌ವರ್ಡನ್ನೇ ಕೇಳುತ್ತಿದ್ದವು. ಕೊಡಿ, ಒಳಗೆ ಹೋಗಿ ನಿಮ್ಮ ಗೆಳೆಯರನ್ನು ಹುಡುಕಿಕೊಡುತ್ತೇವೆ ಅಂತ. ಅದು ಅಪ್ಪಯ್ಯನ ಲೆಕ್ಕದ ಪುಸ್ತಕ, ತಿಜೋರಿ ಕೀಲಿ ಎರಡನ್ನೂ ಜವಳಿ ಅಂಗಡಿಗೆ ಕೊಟ್ಟ ಹಾಗೆ. 2007ರ ಕೊನೆಗೆ ಓಆಥ್‌ನ ಮೊದಲ ಆವೃತ್ತಿ ಬಂತು. ಈಗ ಎಲ್ಲರೂ ಬಳಸುವ ಎರಡನೆಯದು 2012ರ ಅಕ್ಟೋಬರ್‌ನಲ್ಲಿ. ಅದರ ಮೇಲೆ, ಬಂದವರು ಯಾರು ಅಂತ ಸರಿಯಾಗಿ ಹೇಳುವ ಓಪನ್‌ಐಡಿ ಕನೆಕ್ಟ್ 2014ರಲ್ಲಿ ಬಂತು.

ನೀವು ಬಟನ್ ಒತ್ತಿದಾಗ ನನ್ನ ಸೈಟ್ ನಿಮ್ಮನ್ನು ಗೂಗಲ್ ಎಂಬ ಮಂಡಿಗೆ ಕಳಿಸುತ್ತದೆ. ಪಾಸ್‌ವರ್ಡ್ ಕೊಡುವುದು ಅಲ್ಲಿ, ನನಗೆ ಅದು ಕಾಣುವುದಿಲ್ಲ. ಗೂಗಲ್ ಒಂದು ಚೀಟಿ ಕೊಟ್ಟು ನಿಮ್ಮನ್ನು ವಾಪಸು ನನ್ನ ಅಂಗಡಿಗೆ ಕಳಿಸುತ್ತದೆ. ಆದರೆ ಆ ಚೀಟಿ ದಾರಿಯಲ್ಲಿ ಯಾರದ್ದೋ ಕೈಗೆ ಸಿಗಬಹುದಲ್ಲ? ಅದಕ್ಕೇ ಚೀಟಿಗೆ ಆಯಸ್ಸು ಕಡಿಮೆ, ಒಂದೇ ಸಲ ನಡೆಯುತ್ತದೆ. ನನ್ನ ಸರ್ವರ್ ಹಿಂದಿನ ಬಾಗಿಲಿಂದ ನೇರ ಗೂಗಲ್ ಹತ್ತಿರ ಹೋಗಿ, ತನ್ನದೇ ಗುಟ್ಟಿನ ಗುರುತು ತೋರಿಸಿ, ಚೀಟಿ ಕೊಟ್ಟು ಅಸಲಿ ಟೋಕನ್ ತರುತ್ತದೆ. ಇನ್ನೊಂದು ಜಾಗ್ರತೆಯೂ ಉಂಟು. ನಿಮ್ಮನ್ನು ಕಳಿಸುವಾಗಲೇ ನಾನು ಒಂದು ಕಾಗದ ಹರಿದು ಅರ್ಧ ನಿಮ್ಮ ಕೈಲಿ ಕೊಟ್ಟು ಅರ್ಧ ಇಟ್ಟುಕೊಂಡಿರುತ್ತೇನೆ. ವಾಪಸು ಬಂದಾಗ ಎರಡೂ ಕೂಡಬೇಕು. ಅದಕ್ಕೆ ಸ್ಟೇಟ್ ಅಂತಾರೆ. ಬೇರೆ ಯಾರೋ ತನ್ನ ಚೀಟಿಯನ್ನು ನಿಮ್ಮ ಕೈಲಿ ಕೊಟ್ಟು ಕಳಿಸಬಾರದು ಅಂತ ಈ ಏರ್ಪಾಡು.

ಪೈಥಾನ್‌ನಲ್ಲಿ ಇದನ್ನೆಲ್ಲ ಕೈಯಲ್ಲಿ ಬರೆಯುವ ಕಷ್ಟ ಇಲ್ಲ. ಜ್ಯಾಂಗೋ ಬಳಸುವವರಿಗೆ ಆಲ್‌ಆಥ್ ಇದೆ, ಫ್ಲಾಸ್ಕ್‌ನವರಿಗೆ ಆಥ್‌ಲಿಬ್ ಇದೆ. ಎರಡು ರೂಟ್ ಬರೆದರೆ ಆಯಿತು, ಒಂದು ಕಳಿಸಲು, ಒಂದು ಬರಮಾಡಿಕೊಳ್ಳಲು. ಆದರೂ ಒಂದು ರಾತ್ರಿ ಪೂರ್ತಿ ಹೋಯಿತು. ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ, ಸರ್ವರ್‌ಗೆ ಹಾಕಿದರೆ 'ರೀಡೈರೆಕ್ಟ್ ಯೂಆರ್‌ಐ ಮಿಸ್‌ಮ್ಯಾಚ್' ಅನ್ನುತ್ತದೆ. ವಾಪಸು ಬರುವ ವಿಳಾಸ ಗೂಗಲ್‌ನಲ್ಲಿ ನೋಂದಾಯಿಸಿದ್ದರ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಎಂಜಿನ್‌ಎಕ್ಸ್ ಹಿಂದೆ ಕೂತಿದ್ದ ನನ್ನ ಫ್ಲಾಸ್ಕ್‌ಗೆ ಹೊರಗೆ ಎಚ್‌ಟಿಟಿಪಿಎಸ್ ಇದೆ ಅಂತಲೇ ಗೊತ್ತಿರಲಿಲ್ಲ. ಅದು ಎಸ್ ಇಲ್ಲದ ವಿಳಾಸ ಕಟ್ಟಿ ಕಳಿಸುತ್ತಿತ್ತು. ಪ್ರಾಕ್ಸಿಫಿಕ್ಸ್ ಅಂತ ಒಂದು ಸಾಲು ಸೇರಿಸಿದ ಮೇಲೆ ಸರಿಹೋಯಿತು. ಅಷ್ಟರಲ್ಲಿ ಮೂರು ಸಲ ಕರೆಂಟು ಹೋಗಿ ಬಂದಿತ್ತು.

ಬೆಳಿಗ್ಗೆ ತಿಂಡಿ ಆದಮೇಲೆ ಹೆಮ್ಮೆಯಿಂದ ಅಪ್ಪಯ್ಯನ ಕೈಗೇ ಫೋನ್ ಕೊಟ್ಟೆ. ಮೊದಲನೇ ಬಳಕೆದಾರ ಅವರೇ ಆಗಲಿ ಅಂತ. ಅವರ ಫೋನು ಕನ್ನಡದಲ್ಲಿದೆ. ಕನ್ನಡಕ ಏರಿಸಿ, ಪೇಪರ್ ಓದುವಂತೆ ಒಂದೊಂದೇ ಸಾಲು ಓದತೊಡಗಿದರು.

"ಎಂತದಾ ಇದು? ಈ ಆ್ಯಪನ್ನ ಗೂಗಲ್‌ನವ್ರು ಪರಿಶೀಲಿಸಿಲ್ಲ, ಅಸುರಕ್ಷಿತ ಅಂತೆಲ್ಲ ಬರ್ದಿದ್ಯಲ?"

"ಅದು ಹಂಗೇ ಬರತ್ತೆ ಅಪ್ಪಯ್ಯ. ಕೆಳಗೆ ಸಣ್ಣಕ್ಕೆ ಇನ್ನೊಂದು ಸಾಲಿದೆ ನೋಡು, ಅದನ್ನ ಒತ್ತಿ ಮುಂದೆ ಹೋಗು."

"ದೊಡ್ಡಕ್ಷರದಲ್ಲಿ ಬೇಡ ಅಂತಿದ್ದಾರೆ, ಸಣ್ಣಕ್ಷರದ್ದು ಒತ್ತಬೇಕಾ?"

ನಾನೇ ಒತ್ತಿ ಮುಂದೆ ಕಳಿಸಿದೆ. ಮುಂದಿನ ಪರದೆಯಲ್ಲಿ ನಾನು ಕೇಳಿದ್ದ ಅನುಮತಿಗಳ ಪಟ್ಟಿ ಬಂತು. ಹೆಸರು, ಇಮೇಲ್, ಫೋಟೊ. ಕೊನೆಯಲ್ಲಿ, ನಿಮ್ಮ ಸಂಪರ್ಕಗಳನ್ನು ನೋಡಲು ಮತ್ತು ಡೌನ್‌ಲೋಡ್ ಮಾಡಲು. ಅಪ್ಪಯ್ಯನ ಬೆರಳು ಅಲ್ಲೇ ನಿಂತಿತು.

"ಸಂಪರ್ಕ ಅಂದ್ರೆ?"

"ಫೋನಲ್ಲಿ ಸೇವ್ ಮಾಡಿರೋ ನಂಬರ್‌ಗಳು. ಅದ್ರಲ್ಲಿ ನಮ್ಮ ಶಾಲೆಯವ್ರು ಯಾರಿದ್ದಾರೆ ನೋಡಿ, ಅವ್ರಿಗೂ ಕರೆ ಕಳಿಸಬಹುದಲ್ಲ. ಬೇಗ ಜನ ಸೇರ್ತಾರೆ."

ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದ್ರಲ್ಲಿ ಕೊನೆಗೌಡನ ನಂಬರ್ ಇದೆ. ಡಾಕ್ಟ್ರದ್ದಿದೆ. ನಿನ್ನ ಅತ್ತೆದಿದೆ. ಅವ್ರೆಲ್ಲ ನಂಗೆ ಅಂತ ಕೊಟ್ಟಿದ್ದು ಅಪ್ಪಿ. ನಿಂಗೆ ಕೊಡಕ್ಕೆ ಅದು ನಂದಾ?"

"ಎಲ್ಲರೂ ಒತ್ತುತ್ತಾರೆ ಅಪ್ಪಯ್ಯ, ಯಾರೂ ಇಷ್ಟೆಲ್ಲ ಓದಲ್ಲ" ಅಂದೆ. ರಾತ್ರಿ ನಿದ್ದೆ ಇಲ್ಲದ ಸಿಟ್ಟು ಬೇರೆ ಇತ್ತು.

"ನಾನೂ ಒಂದ್ಸಲ ಓದ್ದೇ ಹಾಕಿದ್ದೆ" ಅಂದು ಫೋನನ್ನು ಜಗುಲಿಕಟ್ಟೆ ಮೇಲಿಟ್ಟು, ಕತ್ತಿ ತಗೊಂಡು ತೋಟಕ್ಕೆ ಇಳಿದರು.

ಅವರು ಹೇಳಿದ್ದು ಯಾವುದು ಅಂತ ನನಗೆ ಗೊತ್ತು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪಯ್ಯ ಗೆಳೆಯರೊಬ್ಬರ ಸಾಲಕ್ಕೆ ಜಾಮೀನು ಹಾಕಿದ್ದರು. ಒಂದನೇ ಕ್ಲಾಸಿಂದ ಒಟ್ಟಿಗೆ ಕಲಿತವರು. ಶುಂಠಿ ಬೆಳೆಯಲು ಸಾಲ. ಅರ್ಜಿಯಲ್ಲಿ ಎಷ್ಟು ಬರೆದಿತ್ತು, ಎಷ್ಟು ವರ್ಷಕ್ಕೆ, ಕಟ್ಟದಿದ್ದರೆ ಏನು, ಒಂದನ್ನೂ ಓದದೆ ಸಹಿ ಹಾಕಿದ್ದರು. ಗೆಳೆಯ ಕೇಳಿದ್ದಾನೆ ಅನ್ನುವುದೊಂದೇ ಸಾಕಾಗಿತ್ತು. ಶುಂಠಿ ಕೊಳೆಯಿತು, ಉಳಿದದ್ದಕ್ಕೆ ರೇಟು ಬಿತ್ತು. ಒಂದು ಬೆಳಿಗ್ಗೆ ಆ ಮನೆಯ ಬಾಗಿಲು ಮುಚ್ಚಿತ್ತು. ಹೆಂಡತಿ, ಸಣ್ಣ ಮಗಳನ್ನು ಕರೆದುಕೊಂಡು ಎಲ್ಲಿಗೆ ಹೋದರು ಅಂತ ಊರಲ್ಲಿ ಯಾರಿಗೂ ತಿಳಿಯಲಿಲ್ಲ. ನೋಟೀಸು ನಮ್ಮ ಮನೆಗೆ ಬಂತು. ಏಳು ವರ್ಷ ಕಟ್ಟಿದರು ಅಪ್ಪಯ್ಯ. ಕೆಳಗಿನ ತೋಟದ ಅರ್ಧ ಎಕರೆ ಹೋಯಿತು, ಅಮ್ಮನ ಸರ ಹೋಯಿತು. ಬೈದಿದ್ದು ನಾನು ಕೇಳಿಲ್ಲ. ಆದರೆ ಆ ಹೆಸರು ಆಮೇಲೆ ನಮ್ಮ ಮನೆಯಲ್ಲಿ ಕೇಳಿಬರಲಿಲ್ಲ.

ಇನ್ನೊಂದು ವಿಷಯವನ್ನೂ ಹೇಳಬೇಕು. ನನ್ನ ಬಿಇಗೆ ಸಾಲ ತೆಗೆಯುವಾಗ ಬ್ಯಾಂಕಿನವರು ಇನ್ನೊಬ್ಬರ ಸಹಿ ಬೇಕು ಅಂದರು. ಇನ್ನೊಬ್ಬರಿಗೆ ಜಾಮೀನು ಹಾಕಿ ಸುಟ್ಟುಕೊಂಡ ಮನುಷ್ಯ, ಮಗನಿಗಾಗಿ ಪಕ್ಕದ ಮನೆಗೆ ಹೋಗಿ ಜಾಮೀನು ಕೇಳಬೇಕಾಯಿತು. ಅವರು ಹಾಕಿದರು. ನಾನು ಇವತ್ತು ಇಲ್ಲಿ ಕೂತು ಲಾಗಿನ್ ಬಟನ್ ಬಗ್ಗೆ ಬರೆಯುತ್ತಿರುವುದು ಆ ಸಹಿಯ ಮೇಲೆ. ಆ ಪಕ್ಕದ ಮನೆಯವರ ನಂಬರೂ ಅಪ್ಪಯ್ಯನ ಫೋನಿನಲ್ಲಿತ್ತು. ನಾನು ಡೌನ್‌ಲೋಡ್ ಮಾಡಲು ಹೊರಟ ಪಟ್ಟಿಯಲ್ಲಿ.

ಅವತ್ತು ಮಧ್ಯಾಹ್ನ ಕೂತು ಒಂದು ಹಳೇ ಲೆಕ್ಕ ಮತ್ತೆ ಓದಿದೆ. ಕೇಂಬ್ರಿಡ್ಜ್ ಅನಲಿಟಿಕಾ ಹಗರಣ ನಿಮಗೆ ನೆನಪಿರಬಹುದು. ಫೇಸ್‌ಬುಕ್ ಮೂಲಕ ಒಳಗೆ ಹೋಗುವ ಒಂದು ರಸಪ್ರಶ್ನೆ ಆ್ಯಪ್. ಒಳಗೆ ಹೋದವರ ಮಾಹಿತಿ ಮಾತ್ರ ಅಲ್ಲದೆ ಅವರ ಗೆಳೆಯರ ಮಾಹಿತಿಯನ್ನೂ ಅದು ಎಳೆದುಕೊಂಡಿತ್ತು. ಆಗಿನ ನಿಯಮದಲ್ಲಿ ಅದಕ್ಕೆ ಅವಕಾಶ ಇತ್ತು. 2018ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ತಾನೇ ಕೊಟ್ಟ ಲೆಕ್ಕದಂತೆ ಜಗತ್ತಿನಲ್ಲಿ 8.7 ಕೋಟಿ ಜನರ ಮಾಹಿತಿ ಹೀಗೆ ಹೋಗಿರಬಹುದು. ಭಾರತದ ಲೆಕ್ಕ ಇನ್ನೂ ಸ್ಪಷ್ಟ. ಆ್ಯಪ್ ಹಾಕಿಕೊಂಡವರು 335 ಜನ. ಮಾಹಿತಿ ಹೋಗಿರಬಹುದಾದವರು 5.62 ಲಕ್ಷ. ಆ್ಯಪ್ ಹಾಕಿಕೊಂಡ ಯಾರೋ ಗೆಳೆಯರು 'ಆಗಲಿ' ಅಂತ ಒತ್ತಿದ್ದಕ್ಕೆ ಐದೂವರೆ ಲಕ್ಷಕ್ಕೂ ಹೆಚ್ಚು ಜನರ ಮನೆಗೆ ನೋಟೀಸು. ಅಪ್ಪಯ್ಯ ಕೇಳಿದ ಪ್ರಶ್ನೆಯನ್ನು ಹಾಗೆ ಒತ್ತಿದವರಿಗೆ ಕೇಳುವವರು ಇರಲಿಲ್ಲ.

ಸಂಪರ್ಕಗಳ ಅನುಮತಿ ಕೇಳುವ ಒಂದು ಪದವನ್ನು ಕೋಡಿನಿಂದ ಅಳಿಸಿದೆ. ತಮಾಷೆ ಏನು ಗೊತ್ತಾ? ಅದನ್ನು ಅಳಿಸಿದ್ದೇ ತಡ, 'ಅಸುರಕ್ಷಿತ' ಅನ್ನುವ ಎಚ್ಚರಿಕೆಯೂ ಮಾಯ. ಬರೀ ಹೆಸರು, ಇಮೇಲ್, ಫೋಟೊ ಕೇಳುವ ಆ್ಯಪ್‌ಗೆ ಗೂಗಲ್ ಆ ಎಚ್ಚರಿಕೆ ತೋರಿಸುವುದಿಲ್ಲ. ಜನರ ಸಂಪರ್ಕದಂಥ ಸೂಕ್ಷ್ಮ ಮಾಹಿತಿ ಕೇಳಿದರೆ ಮಾತ್ರ ಮೊದಲು ಪರಿಶೀಲನೆಗೆ ಬಾ ಅನ್ನುತ್ತದೆ. ಅಂದರೆ ಆ ಕೆಂಪು ಎಚ್ಚರಿಕೆ ಸರಿಯಾಗಿಯೇ ಹೇಳುತ್ತಿತ್ತು. ಅದನ್ನು ದಾಟಿಸಲು ಅಪ್ಪಯ್ಯನಿಗೆ ಸಣ್ಣಕ್ಷರದ ದಾರಿ ತೋರಿಸಿದವನು ನಾನು.

ಆಮೇಲೆ ಸೈಟ್ ಎಲ್ಲರಿಗೂ ತೆರೆಯಿತು. ಎರಡನೇ ದಿನವೇ ಫೋನು. "ನಿಂದು ಸರ್ವರ್ ಒಳಗೆ ಎಂತೋ ಕೆಟ್ಟಿದ್ಯಂತೆ ಮಾರಾಯ, ಇಂಗ್ಲಿಷಲ್ಲಿ ಬರ್ತಿದೆ." ಲಾಗ್ ತೆಗೆದು ನೋಡಿದರೆ ಕೀ ಎರರ್, ಇಮೇಲ್. ಫೇಸ್‌ಬುಕ್‌ನಿಂದ ಬಂದವರಲ್ಲಿ ಎಷ್ಟೋ ಜನಕ್ಕೆ ಇಮೇಲ್ಲೇ ಇಲ್ಲ. ಅವರು ಖಾತೆ ತೆರೆದಿದ್ದೇ ಫೋನ್ ನಂಬರಿನಲ್ಲಿ. ಅಂಥವರ ಮಾಹಿತಿಯಲ್ಲಿ ಇಮೇಲ್ ಅನ್ನುವ ಕೀಲಿಯನ್ನು ಫೇಸ್‌ಬುಕ್ ಕಳಿಸುವುದಿಲ್ಲ, ನನ್ನ ಪೈಥಾನ್ ಅಲ್ಲೇ ಮುಗ್ಗರಿಸಿ ಬೀಳುತ್ತಿತ್ತು. ಚೌಕದ ಆವರಣ ತೆಗೆದು ಗೆಟ್ ಅಂತ ಬರೆದರೆ ಮುಗಿಯುವ ಕೆಲಸ. ಆದರೆ ಎಲ್ಲರಿಗೂ ಇಮೇಲ್ ಇರುತ್ತದೆ ಅಂತ ಅಂದುಕೊಂಡು ಬರೆದವನು ಅದೇ ಊರಲ್ಲಿ ಹುಟ್ಟಿ ಬೆಳೆದವನು. ಬೆಂಗಳೂರು ನನಗೆ ಅಷ್ಟು ಮಾಡಿತ್ತು.

ಇಮೇಲ್ ಇದ್ದವರ ಕಥೆ ಬೇರೆ. ಒಂದು ದಿನ ನೋಡುತ್ತೇನೆ, ನಾಲ್ಕು ಬೇರೆ ಬೇರೆ ಮನೆಯ ಫೋಟೊಗಳನ್ನು ಒಬ್ಬನೇ ಮನುಷ್ಯ ಹಾಕಿದ್ದಾನೆ. ಹೆಸರು ನೋಡಿದರೆ ಪೇಟೆಯ ಒಂದು ಮೊಬೈಲ್ ಅಂಗಡಿಯದ್ದು! ವಿಚಾರಿಸಿದಾಗ ಗೊತ್ತಾಯಿತು. ಹೊಸ ಫೋನ್ ಕೊಂಡಾಗ ಅಂಗಡಿ ಹುಡುಗನೇ ಜಿಮೇಲ್ ಹಾಕಿ ಕೊಡುತ್ತಾನೆ. ಪ್ರತಿಯೊಬ್ಬರಿಗೂ ಹೊಸದು ಮಾಡುತ್ತಾ ಕೂರಲು ಪುರುಸೊತ್ತಿಲ್ಲದ ದಿನ ಒಂದನ್ನೇ ನಾಲ್ಕು ಫೋನಿಗೆ ಹಾಕಿದ್ದಾನೆ. ಇನ್ನೊಬ್ಬರಿಗೆ ಮೂರು ಜಿಮೇಲ್, ಮೂರು ಫೋನಿನ ಕಾಲದ್ದು, ಒಂದರ ಪಾಸ್‌ವರ್ಡೂ ಗೊತ್ತಿಲ್ಲ. ಗೂಗಲ್ ಕೊಡುವ ಚೀಟಿ 'ಈ ಖಾತೆ ಈಗ ಇವರ ಕೈಲಿದೆ' ಅಂತ ಮಾತ್ರ ಹೇಳುತ್ತದೆ. ಇವರು ಯಾರ ಮನೆಯವರು ಅಂತ ಅದಕ್ಕೆ ಗೊತ್ತಿಲ್ಲ.

ಜೊತೆಗೆ ಫೇಸ್‌ಬುಕ್ ಆ್ಯಪ್‌ನೊಳಗೇ ನಮ್ಮ ಲಿಂಕ್ ತೆರೆದವರಿಗೆ ಗೂಗಲ್ ಬಾಗಿಲೇ ತೆಗೆಯಲಿಲ್ಲ. ಬೇರೆ ಆ್ಯಪ್‌ಗಳ ಹೊಟ್ಟೆಯೊಳಗಿನ ಬ್ರೌಸರ್‌ನಿಂದ ಬರುವವರನ್ನು ಅದು ಒಳಗೆ ಬಿಡುವುದಿಲ್ಲ. ಕ್ರೋಮ್‌ನಲ್ಲಿ ತೆಗೀರಿ ಅಂತ ಒಬ್ಬೊಬ್ಬರಿಗೂ ಹೇಳಿ ಹೇಳಿ ಗಂಟಲು ಬಿತ್ತು.

ಅದರ ಮೇಲೆ ಅಕ್ಟೋಬರ್ 4. ರಾತ್ರಿ ಒಂಬತ್ತರ ಹೊತ್ತಿಗೆ ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ನಿಂತವು, ಸುಮಾರು ಆರು ಗಂಟೆ. ಅವರದೇ ನೆಟ್‌ವರ್ಕಿನ ಸೆಟ್ಟಿಂಗ್ ಬದಲಾಯಿಸುವಾಗ ಆದ ತಪ್ಪು. ಹೊರಗಿನ ಜಗತ್ತಿಗೆ ಫೇಸ್‌ಬುಕ್‌ನ ದಾರಿಯೇ ಅಳಿಸಿಹೋಗಿತ್ತು. ಅವತ್ತು ಫೇಸ್‌ಬುಕ್ ಮೂಲಕ ನಮ್ಮ ಸೈಟಿಗೆ ಬರುತ್ತಿದ್ದವರೆಲ್ಲ ಹೊರಗೆ. ವಾಟ್ಸ್ಆ್ಯಪೂ ಇಲ್ಲದ ಕಾರಣ ನೇರ ಫೋನ್ ಮಾಡಿ ನನ್ನನ್ನೇ ಬೈದರು. ನಾನು ಸಿಗ್ನಲ್ ಸಿಗುವ ಮೇಲಿನ ಅಂಗಳದಲ್ಲಿ ಜಿಗಣೆ ಕಿತ್ತುಕೊಳ್ಳುತ್ತಾ ನಿಂತು, "ಫೇಸ್‌ಬುಕ್ಕೇ ಹಾಳಾಗಿದೆ, ನಂದಲ್ಲ" ಅಂತ ಹೇಳಿದರೆ ಯಾರೂ ನಂಬಲಿಲ್ಲ. ಅಷ್ಟು ದೊಡ್ಡ ಮಂಡಿ ಬಾಗಿಲು ಹಾಕುತ್ತದಾ ಅಂತ. ಹಾಕುತ್ತದೆ. ಆರ್ಕುಟ್ 2014ರಲ್ಲಿ ಮುಚ್ಚಿತು, ಗೂಗಲ್ ಪ್ಲಸ್ 2019ರಲ್ಲಿ. ನಮ್ಮ ಅಂಗಡಿಗೆ ಒಂದೇ ಮಂಡಿಯ ಚೀಟಿ ಸಾಕು ಅಂತ ಕೂರುವ ಹಾಗಿಲ್ಲ.

ಹಾಗಾಗಿ ಎಲ್ಲ ಕೆಡವಿ ಮತ್ತೆ ಕಟ್ಟಿದೆ. ಈ ಕೆಲಸ ಮಾಡುವವರಿಗೆ ಉಪಯೋಗ ಆಗಬಹುದು, ಆದ್ದರಿಂದ ಹೇಳುತ್ತೇನೆ. ಮೊದಲನೆಯದು, ಮನುಷ್ಯ ಬೇರೆ, ಚೀಟಿ ಬೇರೆ. ಡೇಟಾಬೇಸ್‌ನಲ್ಲಿ ಎರಡು ಟೇಬಲ್. ಒಬ್ಬ ಮನುಷ್ಯನಿಗೆ ಎಷ್ಟು ಚೀಟಿ ಬೇಕಾದರೂ ಇರಲಿ. ಒಂದು ಕಳೆದರೆ ಇನ್ನೊಂದರಲ್ಲಿ ಬರಲಿ. ಎರಡನೆಯದು, ಇಮೇಲನ್ನು ಗುರುತಾಗಿ ಹಿಡಿಯಬೇಡಿ. ಗೂಗಲ್ ಪ್ರತಿ ಖಾತೆಗೂ ಸಬ್ ಅನ್ನುವ ಬದಲಾಗದ ಒಂದು ಸಂಖ್ಯೆ ಕೊಡುತ್ತದೆ, ಅದನ್ನು ಹಿಡಿಯಿರಿ. ಮೂರನೆಯದು, ಎರಡು ಕಡೆಯ ಇಮೇಲ್ ಒಂದೇ ಇದೆ ಅಂತ ಎರಡು ಖಾತೆಗಳನ್ನು ತಾನಾಗಿಯೇ ಜೋಡಿಸಬೇಡಿ. ಪರಿಶೀಲನೆ ಆಗದ ಇಮೇಲ್ ಹಿಡಿದು ಯಾರು ಬೇಕಾದರೂ ಇನ್ನೊಬ್ಬರ ಹೆಸರಲ್ಲಿ ಒಳಗೆ ಬಂದು ಕೂರಬಹುದು. ಮೊದಲು ಹಳೇ ಬಾಗಿಲಿಂದ ಒಳಗೆ ಬರಲಿ, ಬಂದ ಮೇಲೆ ಅವರೇ ಹೊಸ ಬಾಗಿಲು ಜೋಡಿಸಿಕೊಳ್ಳಲಿ.

ನಾಲ್ಕನೆಯದು ಯಾವ ಲೈಬ್ರರಿಯಲ್ಲೂ ಸಿಗುವುದಿಲ್ಲ. ಗೂಗಲ್ ಚೀಟಿ ತಂದವರಿಗೂ ನಮ್ಮಲ್ಲಿ ಇನ್ನೊಂದು ಬಾಗಿಲಿದೆ. ಅಲ್ಲಿ ಒಂದೇ ಪ್ರಶ್ನೆ: ಯಾರ ಮನೆಯವರು? ಆ ಉತ್ತರ ಆಗಲೇ ಒಳಗಿರುವ, ಅದೇ ಊರಿನ ಒಬ್ಬರಿಗೆ ಹೋಗುತ್ತದೆ. ಅವರು 'ಹೌದು, ಗೊತ್ತು' ಅಂತ ಒತ್ತಿದರೆ ಬಂದವರು ನಮ್ಮವರು. ಖಾತೆಯೇ ಇಲ್ಲದವರಿಗೂ ಅದೇ ದಾರಿ. ಗೊತ್ತಿರುವವರು ಒಬ್ಬರು ಹೌದು ಅಂದರೆ ಫೋನಿಗೆ ಒಂದು ಅಂಕಿ ಹೋಗುತ್ತದೆ, ಅದನ್ನು ಹಾಕಿ ಒಳಗೆ ಬರಬಹುದು. ಹೀಗೆ ಮೊದಲು ಒಳಗೆ ಬಂದವರು ನಿವೃತ್ತರಾಗಿದ್ದ ನಮ್ಮ ಅಕ್ಕೋರು. ಅವರು ಮೊಮ್ಮಗಳ ಕೈಲಿ ಫೋನ್ ಹಿಡಿಸಿ, ಒಂದೇ ಸಂಜೆ ಎಪ್ಪತ್ತಕ್ಕೂ ಹೆಚ್ಚು ಮುಖಕ್ಕೆ ಹೆಸರು ಬರೆಸಿದರು. ಮುಳುಗಡೆಯಲ್ಲಿ ಊರು ಕಳಕೊಂಡು ಹೋದ ಮನೆಯ ಹುಡುಗರ ಹೆಸರಿನ ಮುಂದೆ ಹಳೇ ಊರಿನ ಹೆಸರನ್ನೇ ಬರೆಸಿದರು. ಯಾವ ಮ್ಯಾಪಿನಲ್ಲೂ ಇಲ್ಲದ ಊರು.

ಅಪ್ಪಯ್ಯ ಸಹ ಒಳಗೆ ಬಂದರು. ಹೊಸ ಪರದೆಯನ್ನು ಮತ್ತೆ ಪೂರ್ತಿ ಓದಿದರು. "ಇಷ್ಟೇ ಕೇಳ್ತದಾ ಈಗ? ಇದಾದ್ರೆ ಅಡ್ಡಿಲ್ಲ" ಅಂತ ಒತ್ತಿದರು.

1969ರ ಏಳನೇ ಕ್ಲಾಸಿನ ಫೋಟೊದಲ್ಲಿ ಅಪ್ಪಯ್ಯ ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಪಕ್ಕದ ಹುಡುಗನ ಕೈ ಅಪ್ಪಯ್ಯನ ಹೆಗಲ ಮೇಲಿದೆ. ಆ ಫೋಟೊದಲ್ಲಿ ಎಲ್ಲರ ಹೆಸರೂ ತುಂಬಿತು, ಅದೊಂದು ಮುಖ ಖಾಲಿ. ಅಕ್ಕೋರನ್ನು ಕೇಳಿದೆ. "ಅದನ್ನ ನಾನು ಬರೆಸಲ್ಲ. ನಿನ್ನಪ್ಪನೇ ಬರೀಲಿ" ಅಂದರು. ಅಪ್ಪಯ್ಯನ ಹತ್ತಿರ ಕೇಳುವ ಧೈರ್ಯ ನನಗಾಗಲಿಲ್ಲ.

ಡಿಸೆಂಬರ್‌ನಲ್ಲಿ, ಅಡಿಕೆ ಸುಲಿಯುವ ಕಾಲಕ್ಕೆ, ಮೈಸೂರಿನಿಂದ ಒಬ್ಬ ಹೆಣ್ಣುಮಗಳು ಗೂಗಲ್ ಚೀಟಿ ಹಿಡಿದು ಬಂದಳು. ಯಾರ ಮನೆಯವರು ಅನ್ನುವಲ್ಲಿ ಆ ಮನೆಯ ಹೆಸರು ಬರೆದಿದ್ದಳು. ಕೆಳಗೆ ಎರಡು ಸಾಲು: ಅಪ್ಪ ಹೋಗಿ ನಾಲ್ಕು ವರ್ಷವಾಯಿತು, ಅವರ ಸಣ್ಣ ವಯಸ್ಸಿನ ಒಂದು ಫೋಟೊವೂ ನಮ್ಮಲ್ಲಿಲ್ಲ, ಅವರು ಕಲಿತ ಶಾಲೆ ಇದು. ಆ ಕಡೆಯಿಂದ ಸೈಟಿನಲ್ಲಿದ್ದವರು ಅಪ್ಪಯ್ಯ ಒಬ್ಬರೇ. ನನ್ನ ಕೋಡ್ ತನ್ನ ಪಾಡಿಗೆ ಅವರ ಫೋನಿಗೇ ಕೇಳಿತು: ಇವರು ನಿಮಗೆ ಗೊತ್ತಾ?

ಸರ್ವರ್‌ನಲ್ಲಿ ನನಗೆ ಅದು ಕಾಣುತ್ತಿತ್ತು. ನಾನೇ ಒತ್ತಿಬಿಡಬಹುದಿತ್ತು. ಒತ್ತಲಿಲ್ಲ. ಎರಡು ದಿನ ಅದು ಹಾಗೇ ಇತ್ತು. ಅಪ್ಪಯ್ಯ ಎಂದಿನಂತೆ ತೋಟಕ್ಕೆ ಹೋದರು, ಬಂದರು, ಏನೂ ಹೇಳಲಿಲ್ಲ. ಮೂರನೇ ದಿನ ರಾತ್ರಿ ಊಟ ಆದಮೇಲೆ ಲೈಟಿನ ಕೆಳಗೆ ಕೂತು ಕನ್ನಡಕ ಹಾಕಿಕೊಂಡು ಫೋನ್ ತೆಗೆದರು. 'ಹೌದು, ಗೊತ್ತು' ಒತ್ತಿದರು. ಆಮೇಲೆ ಫೋಟೊ ತೆಗೆದು, ತನ್ನ ಪಕ್ಕದ ಮುಖ ಮುಟ್ಟಿ, ಒಂದೊಂದೇ ಅಕ್ಷರ ಹುಡುಕಿ ಆ ಹೆಸರು ಬರೆದರು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ನಾನು ಏನೂ ಕೇಳಿರಲಿಲ್ಲ. ಅವರೇ ಹೇಳಿದರು. "ಆ ಹುಡ್ಗಿ ಸಾಲ ಕೇಳ್ಲಿಲ್ಲ ಅಪ್ಪಿ. ಅವ್ರ ಅಪ್ಪನ ಫೋಟೊ ಕೇಳಿದ್ಲು. ಅಷ್ಟಕ್ಕೆ ನಾನು ಜಾಮೀನು."